ನಿರ್ಬಂಧಿತ ಶೆಲ್ ಖಾತೆಗೆ ಫೈಲ್ ಹೋಗದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಸ್‌ವರ್ಡ್ ಸರಿಯಿದೆ, ಸರ್ವರ್ ಸಿಗುತ್ತಿದೆ, ಫೈಲ್ ಮಾತ್ರ ಹೋಗುತ್ತಿಲ್ಲ. ನಿರ್ಬಂಧಿತ ಖಾತೆಗಳ ಬಗ್ಗೆ ಬರುವ ದೂರುಗಳು ಸಾಮಾನ್ಯವಾಗಿ ಹೀಗೇ ಶುರುವಾಗುತ್ತವೆ. ಇಲ್ಲಿರುವುದು ಲಿನಕ್ಸ್ ಮೇಲೆ ಓಡುವ ಓಪನ್‌ಎಸ್‌ಎಸ್‌ಎಚ್ ಸರ್ವರ್‌ಗಳ ಮಾತು. ಶೆಲ್ ಎಂದರೆ ಬಳಕೆದಾರ ಕೊಟ್ಟ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಮ್. ಖಾತೆಯನ್ನು ಆರ್‌ಎಸ್‌ಎಸ್‌ಎಚ್ (ಫೈಲ್ ವರ್ಗಾವಣೆಗಷ್ಟೇ ಬಿಡುವ ಶೆಲ್), ಆರ್‌ಬ್ಯಾಶ್ (ಕೈಕಟ್ಟಿದ ಬ್ಯಾಶ್ ಶೆಲ್), ನೋಲಾಗಿನ್ (ಯಾರನ್ನೂ ಒಳಗೆ ಬಿಡದ ಶೆಲ್) ಅಥವಾ ಇಂಟರ್ನಲ್-ಎಸ್‌ಎಫ್‌ಟಿಪಿಯಿಂದ (ಸರ್ವರ್ ಪ್ರೋಗ್ರಾಮ್‌ನೊಳಗೇ ಇರುವ ಎಸ್‌ಎಫ್‌ಟಿಪಿ) ಕಟ್ಟಿಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಎಂದಿನ ಇಂಗ್ಲಿಷ್ ಅಕ್ಷರಗಳೇ.

ಎಲ್ಲಕ್ಕಿಂತ ಮೊದಲು ಏನು ನೋಡಬೇಕು?

ಕ್ಲೈಂಟ್ ಏನು ಕೇಳುತ್ತಿದೆ, ಖಾತೆ ಯಾವುದಕ್ಕೆ ಒಪ್ಪುತ್ತದೆ, ಇವೆರಡೂ ತಾಳೆಯಾಗುತ್ತವೆಯೇ ಎಂಬುದನ್ನು. ಲಾಗಿನ್ ಆದ ಮೇಲೆ ಕ್ಲೈಂಟ್ ಮೂರರಲ್ಲಿ ಒಂದನ್ನು ಕೇಳುತ್ತದೆ: ಶೆಲ್ ಕೊಡು, ಈ ಕಮಾಂಡ್ ಓಡಿಸು, ಇಲ್ಲವೇ ಈ ಸಬ್‌ಸಿಸ್ಟಮ್ (ಸರ್ವರ್‌ನಲ್ಲಿ ಹೆಸರಿಟ್ಟ ಸೇವೆ) ತೆರೆ. ಬರೀ ಎಸ್‌ಎಸ್‌ಎಚ್ ಅಥವಾ ಪುಟ್ಟಿ ಕೇಳುವುದು ಶೆಲ್. ಆರ್‌ಸಿಂಕ್ ಮತ್ತು ಹಳೆಯ ಎಸ್‌ಸಿಪಿ ಕೇಳುವುದು ಕಮಾಂಡ್. ಎಸ್‌ಎಫ್‌ಟಿಪಿ ಕೇಳುವುದು ಸಬ್‌ಸಿಸ್ಟಮ್. ನಿರ್ಬಂಧಿತ ಖಾತೆ ಇವುಗಳಲ್ಲಿ ಒಂದಕ್ಕೋ ಎರಡಕ್ಕೋ ಮಾತ್ರ ಬಾಗಿಲು ತೆರೆದಿರುತ್ತದೆ.

ನೀವು ಬಳಸುವ ಎಸ್‌ಸಿಪಿ ಅಥವಾ ಎಸ್‌ಎಫ್‌ಟಿಪಿ ಕಮಾಂಡ್‌ಗೆ -ವಿ (ಚಿಕ್ಕಕ್ಷರ) ಸೇರಿಸಿ ಮತ್ತೆ ಓಡಿಸಿ. ಕೊನೆಯ ಸಾಲುಗಳಲ್ಲಿ "ಸೆಂಡಿಂಗ್ ಸಬ್‌ಸಿಸ್ಟಮ್: ಎಸ್‌ಎಫ್‌ಟಿಪಿ" ಎಂದೋ "ಸೆಂಡಿಂಗ್ ಕಮಾಂಡ್: ಎಸ್‌ಸಿಪಿ" ಎಂದೋ ಇರುತ್ತದೆ. ಅಡ್ಮಿನ್‌ಗೆ ದೂರು ಬರೆಯುವಾಗ ಈ ಒಂದು ಸಾಲನ್ನು ಸೇರಿಸಿದರೆ ಅರ್ಧ ದಿನದ ಪತ್ರವ್ಯವಹಾರ ಉಳಿಯುತ್ತದೆ. ಆ ಸಾಲು ಬರುವ ಮೊದಲೇ ನಿಂತುಹೋದರೆ ತೊಂದರೆ ಇರುವುದು ಲಾಗಿನ್‌ನಲ್ಲಿ, ಶೆಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಲಾಗಿನ್ ಆದ ಕೂಡಲೇ ಹೊರಗೆ ಹಾಕುತ್ತದೆ. ಖಾತೆ ಕೆಟ್ಟಿದೆಯೇ?

ಪುಟ್ಟಿಯಲ್ಲಿ ಹಾಗಾದರೆ ಖಾತೆ ಸರಿಯಾಗಿಯೇ ಇದೆ. ಶೆಲ್ ಕೊಡಬಾರದೆಂದೇ ಅದನ್ನು ಹಾಗೆ ಮಾಡಿದ್ದಾರೆ. ಎಸ್‌ಎಫ್‌ಟಿಪಿಯಿಂದ ಪರೀಕ್ಷಿಸಿ.

"ರಿಸೀವ್ಡ್ ಮೆಸೇಜ್ ಟೂ ಲಾಂಗ್ 1416128883" ಎನ್ನುತ್ತದೆ. ನನ್ನ ಫೈಲ್ ಇರುವುದೇ 2 ಕೆಬಿ. ಅಷ್ಟು ಉದ್ದದ್ದು ಎಲ್ಲಿಂದ ಬಂತು?

ಉದ್ದದ್ದು ಏನೂ ಬಂದಿಲ್ಲ. ಎಸ್‌ಎಫ್‌ಟಿಪಿಯಲ್ಲಿ ಪ್ರತಿ ಪ್ಯಾಕೆಟ್‌ನ ಮೊದಲ 4 ಬೈಟ್‌ಗಳು ಅದರ ಉದ್ದವನ್ನು ಹೇಳುತ್ತವೆ. ಸರ್ವರ್ ಪ್ಯಾಕೆಟ್‌ನ ಬದಲು ಒಂದು ಇಂಗ್ಲಿಷ್ ವಾಕ್ಯ ಕಳಿಸಿದರೂ ಕ್ಲೈಂಟ್ ಅದರ ಮೊದಲ ನಾಲ್ಕು ಅಕ್ಷರಗಳನ್ನೇ ಸಂಖ್ಯೆಯೆಂದು ಓದಿಬಿಡುತ್ತದೆ. 1416128883 ಅನ್ನು ಹೆಕ್ಸ್‌ಗೆ ತಿರುಗಿಸಿದರೆ 54 68 69 73. ಆಸ್ಕಿ ಪಟ್ಟಿಯಲ್ಲಿ ಅವು ಟಿ, ಎಚ್, ಐ, ಎಸ್: ಅಂದರೆ "ದಿಸ್".

"ದಿಸ್" ಎಂದು ಶುರುವಾಗುವ ಮೂರು ಸಂದೇಶಗಳು ಇಲ್ಲಿ ಮುಖ್ಯ. ಆರ್‌ಎಸ್‌ಎಸ್‌ಎಚ್ ಬೇಡ ಎನ್ನುವಾಗ "ದಿಸ್ ಅಕೌಂಟ್ ಈಸ್ ರಿಸ್ಟ್ರಿಕ್ಟೆಡ್ ಬೈ ಆರ್‌ಎಸ್‌ಎಸ್‌ಎಚ್" ಎನ್ನುತ್ತದೆ. ನೋಲಾಗಿನ್ "ದಿಸ್ ಅಕೌಂಟ್ ಈಸ್ ಕರೆಂಟ್ಲಿ ನಾಟ್ ಅವೈಲಬಲ್" ಎನ್ನುತ್ತದೆ. ಎಸ್‌ಎಫ್‌ಟಿಪಿಗೆ ಮಾತ್ರ ತೆರೆದ ಖಾತೆಯಲ್ಲಿ ಬೇರೇನಾದರೂ ಕೇಳಿದರೆ "ದಿಸ್ ಸರ್ವಿಸ್ ಅಲೌಸ್ ಎಸ್‌ಎಫ್‌ಟಿಪಿ ಕನೆಕ್ಷನ್ಸ್ ಓನ್ಲಿ" ಎಂದು ಬರುತ್ತದೆ. ಇದು ಕಾಣುವುದು ಎಸ್‌ಸಿಪಿ ಬಳಸಿದಾಗ. ಎಸ್‌ಎಫ್‌ಟಿಪಿ ಕ್ಲೈಂಟ್‌ನಲ್ಲಿ 1416128883 ಕಂಡರೆ ಮೊದಲೆರಡರ ಮೇಲೆ ಅನುಮಾನಪಡಿ: ಶೆಲ್ ತಾನೇ ಬಾಯಿಬಿಟ್ಟು ಬೇಡ ಎಂದಿದೆ, ಆ ಉತ್ತರ ಸಂಖ್ಯೆಯ ವೇಷದಲ್ಲಿ ನಿಮ್ಮ ಮುಂದೆ ನಿಂತಿದೆ.

ಬೇರೆ ಸಂಖ್ಯೆ ಬಂದರೂ ಇದೇ ಲೆಕ್ಕ. 1466264675 ಎಂದರೆ "ವೆಲ್ಕಮ್" ಪದದ ಮೊದಲ ನಾಲ್ಕು ಅಕ್ಷರ. ಯಾರೋ ಡಾಟ್-ಬ್ಯಾಶ್‌ಆರ್‌ಸಿಯಲ್ಲಿ (ಶೆಲ್ ಶುರುವಾಗುವಾಗ ಓಡುವ ಫೈಲ್) ಸ್ವಾಗತ ಕೋರುವ ಎಕೋ ಸಾಲು ಹಾಕಿದ್ದಾರೆ. ಅದನ್ನು ಅಳಿಸಿ, ಇಲ್ಲವೇ ಶೆಲ್ ಇಂಟರಾಕ್ಟಿವ್ ಆಗಿದ್ದಾಗ ಮಾತ್ರ ಓಡುವಂತೆ ಷರತ್ತಿನೊಳಗೆ ಇಡಿ. ವಿನ್‌ಎಸ್‌ಸಿಪಿ ಇದನ್ನೇ ಸ್ವಲ್ಪ ಬೇರೆ ಮಾತಿನಲ್ಲಿ ಹೇಳುತ್ತದೆ: ಪ್ಯಾಕೆಟ್ ತೀರಾ ದೊಡ್ಡದು, ಮಿತಿ 1024000 ಬೈಟ್. ಆ ಮಿತಿಯನ್ನು ಹೆಚ್ಚಿಸುವುದು ಹೇಗೆಂದು ಹುಡುಕುತ್ತಾ ಕೂರಬೇಡಿ.

ನಿನ್ನೆಯವರೆಗೆ ಎಸ್‌ಸಿಪಿ ಕೆಲಸ ಮಾಡುತ್ತಿತ್ತು. ಸರ್ವರ್‌ನಲ್ಲಿ ಯಾರೂ ಏನೂ ಮುಟ್ಟಿಲ್ಲ. ಇಂದು ಏಕೆ ಇಲ್ಲ?

ನಿಮ್ಮ ಲ್ಯಾಪ್‌ಟಾಪ್ ಅಪ್‌ಡೇಟ್ ಆಗಿರಬೇಕು. 2022ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಎಂಬ ಕಮಾಂಡ್ ಹೆಸರಿಗೆ ಮಾತ್ರ ಎಸ್‌ಸಿಪಿ. ಒಳಗೆ ಅದು ಎಸ್‌ಎಫ್‌ಟಿಪಿಯನ್ನೇ ಆಡುತ್ತದೆ. ಖಾತೆಯಲ್ಲಿ ಎಸ್‌ಸಿಪಿಗೆ ಮಾತ್ರ ಒಪ್ಪಿಗೆ ಇದ್ದರೆ ಹೊಸ ಕ್ಲೈಂಟ್ ಎಸ್‌ಎಫ್‌ಟಿಪಿ ಕೇಳಿ ಏಟು ತಿನ್ನುತ್ತದೆ. ಎಸ್‌ಸಿಪಿಗೆ -ಓ (ದೊಡ್ಡಕ್ಷರದ ಓ, ಸೊನ್ನೆಯಲ್ಲ) ಸೇರಿಸಿದರೆ ಹಳೆಯ ಪ್ರೋಟೋಕಾಲ್ ಮರಳುತ್ತದೆ. ಸದ್ಯಕ್ಕೆ ಅದು ಸಾಕು, ಆದರೆ ಸರಿಯಾದ ಪರಿಹಾರ ಖಾತೆಗೆ ಎಸ್‌ಎಫ್‌ಟಿಪಿ ಕೊಡಿಸುವುದೇ.

ಉಲ್ಟಾ ಸ್ಥಿತಿಯೂ ಇದೆ. ಸರ್ವರ್ ಎಸ್‌ಎಫ್‌ಟಿಪಿ ಮಾತ್ರ ಒಪ್ಪುತ್ತದೆ, ನಿಮ್ಮ ಬಳಿ 9.0ಕ್ಕಿಂತ ಹಳೆಯ ಎಸ್‌ಸಿಪಿ ಇದೆ. ಆಗ ಎಸ್‌ಎಫ್‌ಟಿಪಿ ಕಮಾಂಡನ್ನೇ ಬಳಸಿ. ಆವೃತ್ತಿ 8.7 ಅಥವಾ ಅದಕ್ಕಿಂತ ಹೊಸದಾದರೆ ಎಸ್‌ಸಿಪಿಗೆ -ಎಸ್ (ಚಿಕ್ಕಕ್ಷರ) ಕೊಟ್ಟರೂ ನಡೆಯುತ್ತದೆ. ನಿಮ್ಮ ಆವೃತ್ತಿ ತಿಳಿಯಲು ಎಸ್‌ಎಸ್‌ಎಚ್ -ವಿ, ಇಲ್ಲಿ ವಿ ದೊಡ್ಡಕ್ಷರ.

ಪಾಸ್‌ವರ್ಡ್ ತೆಗೆದುಕೊಳ್ಳುತ್ತದೆ, ಮರುಕ್ಷಣ "ಬ್ರೋಕನ್ ಪೈಪ್" ಅಥವಾ "ಕನೆಕ್ಷನ್ ಕ್ಲೋಸ್ಡ್". ಸಂದೇಶ ಇನ್ನೇನೂ ಇಲ್ಲ.

ಕ್ರೂಟ್ ಡೈರೆಕ್ಟರಿಯ (ಬಳಕೆದಾರ ಆಚೆ ಹೋಗದಂತೆ ಕೂಡಿಹಾಕುವ ಡೈರೆಕ್ಟರಿ) ಒಡೆತನ ತಪ್ಪಿದೆ. ಬೇರೆ ಕಾರಣಗಳೂ ಇರಬಹುದು, ಆದರೆ ಮೊದಲು ನೋಡಬೇಕಾದ್ದು ಇದನ್ನೇ. ಸರ್ವರ್ ಲಾಗ್‌ನಲ್ಲಿ "ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಕ್ರೂಟ್ ಡೈರೆಕ್ಟರಿ" ಎಂಬ ಸಾಲು ಸಿಕ್ಕರೆ ಖಾತ್ರಿ.

ನಿಯಮ ಕಟ್ಟುನಿಟ್ಟು: ಕ್ರೂಟ್‌ನ ದಾರಿಯಲ್ಲಿ ಬರುವ ಪ್ರತಿಯೊಂದು ಡೈರೆಕ್ಟರಿಯೂ, ಮೂಲದ ಓರೆಗೆರೆಯಿಂದ ಹಿಡಿದು ಕೊನೆಯದರವರೆಗೆ, ರೂಟ್‌ನ ಒಡೆತನದಲ್ಲಿರಬೇಕು. ಗುಂಪಿಗಾಗಲಿ ಇತರರಿಗಾಗಲಿ ಬರೆಯುವ ಅನುಮತಿ ಇರಬಾರದು. 755 ಸರಿ, 775 ತಪ್ಪು. ನಡುವಿನ ಒಂದೇ ಒಂದು ಡೈರೆಕ್ಟರಿ ತಪ್ಪಿದ್ದರೂ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಮ್) ಮುಖಕ್ಕೆ ಬಾಗಿಲು ಹಾಕುತ್ತದೆ. ಇಡೀ ದಾರಿಯನ್ನು ಒಮ್ಮೆಗೇ ನೋಡಲು ನೇಮ್‌ಐ -ಎಲ್ ಕೊಟ್ಟು ಮುಂದೆ ಪೂರ್ತಿ ದಾರಿ ಬರೆಯಿರಿ. ಪ್ರತಿ ಮೆಟ್ಟಿಲಿನ ಒಡೆಯ ಮತ್ತು ಅನುಮತಿ ಒಂದರ ಕೆಳಗೊಂದು ಬರುತ್ತವೆ. ಒಂದೊಂದಕ್ಕೂ ಎಲ್‌ಎಸ್ ಹೊಡೆಯುವುದಕ್ಕಿಂತ ಇದು ಎಷ್ಟೋ ಮೇಲು. ಎಸಿಎಲ್ (ಬೇರೆ ಬೇರೆಯವರಿಗೆ ಪ್ರತ್ಯೇಕ ಅನುಮತಿ ಕೊಡುವ ಪಟ್ಟಿ) ಹಾಕಿರುವ ಡೈರೆಕ್ಟರಿಯಲ್ಲಿ ಗುಂಪಿನ ಜಾಗದಲ್ಲಿ ಕಾಣುವುದು ಎಸಿಎಲ್‌ನ ಮಾಸ್ಕ್ ಎಂಬುದೂ ನೆನಪಿರಲಿ; ಯಾರೂ ಚ್‌ಮಾಡ್ ಮಾಡದೆಯೇ 755 ಇದ್ದದ್ದು 775 ಆಗಿ ಕಾಣುವುದು ಹೀಗೆ.

ಹಾಗಾದರೆ ಬಳಕೆದಾರ ಬರೆಯುವುದೆಲ್ಲಿ? ಕ್ರೂಟ್‌ನ ಒಳಗೆ ಇನ್ನೊಂದು ಡೈರೆಕ್ಟರಿ ಮಾಡಿ, ಅಪ್‌ಲೋಡ್ ಎಂದು ಹೆಸರಿಡಿ, ಅದರ ಒಡೆತನವನ್ನು ಬಳಕೆದಾರನಿಗೆ ಕೊಡಿ. ಕ್ರೂಟ್‌ನ ಮೇಲ್ಮಟ್ಟದಲ್ಲೇ ಫೈಲ್ ಇಡಬೇಕು ಎಂದು ಯಾರಾದರೂ ಹಟ ಹಿಡಿದರೆ ದಾರಿಯಿಲ್ಲ. ಅವರ ಕ್ಲೈಂಟ್ ನೇರ ಅಪ್‌ಲೋಡ್‌ಗೇ ಇಳಿಯುವಂತೆ ಇಂಟರ್ನಲ್-ಎಸ್‌ಎಫ್‌ಟಿಪಿಗೆ -ಡಿ ಜೊತೆ ಅದರ ದಾರಿ ಕೊಡಬಹುದು, ಅಷ್ಟೆ.

ಡೈರೆಕ್ಟರಿ ಇದೆ, ನಾನೇ ನೋಡಿದ್ದೇನೆ. ಆದರೂ "ನೋ ಸಚ್ ಫೈಲ್" ಅನ್ನುತ್ತದೆ.

ಕ್ರೂಟ್ ಒಳಗೆ ಹೋದ ಮೇಲೆ ದಾರಿಯ ಲೆಕ್ಕ ಬದಲಾಗುತ್ತದೆ. ಸರ್ವರ್‌ನಲ್ಲಿ /ಎಸ್‌ಆರ್‌ವಿ/ಜೈಲ್/ಅಪ್‌ಲೋಡ್ ಎಂದಿರುವುದು ಒಳಗಿನವರಿಗೆ ಬರೀ /ಅಪ್‌ಲೋಡ್. ಅಡ್ಮಿನ್ ಕಳಿಸಿದ ಪೂರ್ತಿ ದಾರಿಯನ್ನು ಸ್ಕ್ರಿಪ್ಟ್‌ಗೆ ಅಂಟಿಸಿದವರು ಇಲ್ಲೇ ಎಡವುತ್ತಾರೆ. ಎಸ್‌ಎಫ್‌ಟಿಪಿಯಲ್ಲಿ ಪಿಡಬ್ಲ್ಯುಡಿ ಕೊಟ್ಟು ಅದು ಏನು ತೋರಿಸುತ್ತದೋ ಅಲ್ಲಿಂದ ಶುರುಮಾಡಿ. ಕ್ರೂಟ್‌ನಿಂದ ಹೊರಗಿನ ಜಾಗಕ್ಕೆ ಹೋಗುವ ಸಿಮ್‌ಲಿಂಕ್ ಕೂಡ ಒಳಗೆ ಸತ್ತಂತೆಯೇ. ಹೊರಗಿನ ಫೋಲ್ಡರ್ ಒಳಗೆ ಬೇಕಿದ್ದರೆ ಬೈಂಡ್ ಮೌಂಟ್ ಮಾಡಬೇಕು.

ಆರ್‌ಎಸ್‌ಎಸ್‌ಎಚ್‌ಗೆ ಕ್ರೂಟ್ ಸೇರಿಸಿದೆ, ಆಮೇಲೆ ಏನೂ ನಡೆಯುತ್ತಿಲ್ಲ.

ಇಂಟರ್ನಲ್-ಎಸ್‌ಎಫ್‌ಟಿಪಿ ಎಸ್‌ಎಸ್‌ಎಚ್‌ಡಿಯ ಒಳಗೇ ಇರುವುದರಿಂದ ಖಾಲಿ ಕ್ರೂಟ್ ಸಾಕು. ಆರ್‌ಎಸ್‌ಎಸ್‌ಎಚ್ ಹಾಗಲ್ಲ. ಅದು ಹೊರಗಿನ ಪ್ರೋಗ್ರಾಮ್‌ಗಳನ್ನು ಓಡಿಸುತ್ತದೆ, ಆದ್ದರಿಂದ ಅವು ಮತ್ತು ಅವಕ್ಕೆ ಬೇಕಾದ್ದೆಲ್ಲ ಕ್ರೂಟ್‌ನೊಳಗೆ ಇರಬೇಕು. ಏನು ಬಿಟ್ಟುಹೋಗಿದೆ ಎಂಬುದನ್ನು ದೋಷದ ಮಾತೇ ಹೇಳುತ್ತದೆ.

ಪ್ರೋಗ್ರಾಮ್ ಫೈಲ್ ಕಣ್ಣೆದುರೇ ಇದ್ದೂ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಬಂದರೆ ಇಲ್ಲದಿರುವುದು ಪ್ರೋಗ್ರಾಮ್ ಅಲ್ಲ, ಅದನ್ನು ಲೋಡ್ ಮಾಡುವ ಎಲ್‌ಡಿ-ಲಿನಕ್ಸ್ ಎಂಬ ಲೋಡರ್. ಎಲ್‌ಡಿಡಿ ಕಮಾಂಡ್ ತೋರಿಸುವ ಲೈಬ್ರರಿಗಳ ಪಟ್ಟಿಯಲ್ಲಿ ಬಾಣದ ಗುರುತಿಲ್ಲದೆ ಪೂರ್ತಿ ದಾರಿಯೊಂದಿಗೆ ಕಾಣುವ ಸಾಲು ಅದು. ಲೈಬ್ರರಿಗಳನ್ನು ಸ್ಕ್ರಿಪ್ಟ್‌ನಿಂದ ನಕಲಿಸುವವರು ಬಾಣದ ಬಲಗಡೆಯದನ್ನಷ್ಟೇ ಎತ್ತಿಕೊಂಡು ಇದನ್ನು ಬಿಟ್ಟುಬಿಡುತ್ತಾರೆ. "ಅನ್‌ನೋನ್ ಯೂಸರ್ 1001" ಎಂದರೆ ಕ್ರೂಟ್‌ನ ಇಟಿಸಿಯಲ್ಲಿ ಪಾಸ್‌ವರ್ಡ್ ಫೈಲ್ ಇಲ್ಲ, ಅಥವಾ ಇದ್ದರೂ ಅದನ್ನು ಓದುವ ಎನ್‌ಎಸ್‌ಎಸ್ ಫೈಲ್ಸ್ ಲೈಬ್ರರಿ ಇಲ್ಲ. ಹಳೆಯ ವ್ಯವಸ್ಥೆಗಳಲ್ಲಿ ಈ ಲೈಬ್ರರಿ ಓಡುವಾಗ ಮಾತ್ರ ಲೋಡ್ ಆಗುತ್ತದೆ, ಹಾಗಾಗಿ ಎಲ್‌ಡಿಡಿ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ, ಕೈಯಾರೆ ನಕಲಿಸಬೇಕು. ಇಡೀ ಪಾಸ್‌ವರ್ಡ್ ಫೈಲನ್ನು ಒಳಗೆ ಸುರಿಯಬೇಡಿ, ಆ ಬಳಕೆದಾರನ ಒಂದು ಸಾಲು ಸಾಕು. "/ಡೆವ್/ನಲ್" ತೆರೆಯಲಾಗಲಿಲ್ಲ ಎಂದರೆ ಕ್ರೂಟ್‌ನೊಳಗೆ ಎಮ್‌ಕೆನಾಡ್‌ನಿಂದ ಸಿ 1 3 ಎಂದು ಕೊಟ್ಟು ಅದನ್ನು ಮಾಡಿ, ಅನುಮತಿ 666 ಇಡಿ. ಮಾಡಿದ ಮೇಲೂ ಅದೇ ದೂರು ಬಂದರೆ ಆ ಪಾರ್ಟಿಷನ್ ನೋಡೆವ್ ಆಯ್ಕೆಯೊಂದಿಗೆ ಮೌಂಟ್ ಆಗಿದೆಯೇ ನೋಡಿ.

ಕೊನೆಯದಾಗಿ, ಆರ್‌ಎಸ್‌ಎಸ್‌ಎಚ್‌ನ ಕ್ರೂಟ್ ಹೆಲ್ಪರ್ ಪ್ರೋಗ್ರಾಮ್ ರೂಟ್ ಒಡೆತನದ ಸೆಟ್‌ಯುಐಡಿ (ಯಾರು ಓಡಿಸಿದರೂ ಒಡೆಯನ ಹಕ್ಕಿನಲ್ಲಿ ಓಡುವಂಥದ್ದು) ಆಗಿರಬೇಕು. ಬ್ಯಾಕಪ್‌ನಿಂದ ಮರಳಿಸಿದ ಸರ್ವರ್‌ಗಳಲ್ಲಿ ಈ ಬಿಟ್ ಹಾರಿಹೋಗಿರುವುದುಂಟು.

ಆರ್‌ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಎಸ್‌ಎಫ್‌ಟಿಪಿ ಅನುಮತಿ ಕೊಟ್ಟಿದ್ದೇನೆ, ಆದರೂ ಬೇಡ ಎನ್ನುತ್ತದೆ.

ಅದೇ ಫೈಲ್‌ನ ಕೆಳಗೆ ಆ ಬಳಕೆದಾರನ ಹೆಸರಿನಲ್ಲಿ ಪ್ರತ್ಯೇಕ ಸಾಲು ಇದೆಯೇ? ಯೂಸರ್ ಸಾಲು ಇದ್ದರೆ ಮೇಲಿನ ಸಾಮಾನ್ಯ ಸೆಟ್ಟಿಂಗ್‌ಗಳು ಆ ವ್ಯಕ್ತಿಗೆ ಲೆಕ್ಕಕ್ಕೇ ಇಲ್ಲ, ಕ್ರೂಟ್ ದಾರಿಯೂ ಸೇರಿ. ಸಾಲಿನಲ್ಲಿ ಹೆಸರು, ಯೂಮಾಸ್ಕ್, ಅನುಮತಿಯ ಬಿಟ್‌ಗಳು, ಕ್ರೂಟ್ ದಾರಿ ಹೀಗೆ ಕೋಲನ್ (:) ಗುರುತಿನಿಂದ ಬೇರ್ಪಟ್ಟಿರುತ್ತವೆ. ಬಿಟ್‌ಗಳಲ್ಲಿ ತೀರಾ ಬಲಗಡೆಯದು ಎಸ್‌ಸಿಪಿ, ಅದರ ಎಡಕ್ಕೆ ಎಸ್‌ಎಫ್‌ಟಿಪಿ. ಎರಡೂ ಬೇಕಿದ್ದರೆ 00011. "ಲಾಕ್ಡ್ ಔಟ್" ಎಂದು ಬಂದರೆ ಒಂದಕ್ಕೂ ಅನುಮತಿ ಇಲ್ಲ. ಹೊಸದಾಗಿ ಹಾಕಿದ ಆರ್‌ಎಸ್‌ಎಸ್‌ಎಚ್‌ನ ಸಹಜ ಸ್ಥಿತಿಯೇ ಅದು.

ಎಸ್‌ಎಫ್‌ಟಿಪಿ-ಸರ್ವರ್ ಇರುವ ಜಾಗವೂ ತಾಳೆಯಾಗಬೇಕು. ಡೆಬಿಯನ್ ಬಳಗದಲ್ಲಿ ಅದು /ಯುಎಸ್‌ಆರ್/ಲಿಬ್/ಓಪನ್‌ಎಸ್‌ಎಸ್‌ಎಚ್ ಒಳಗೆ, ರೆಡ್ ಹ್ಯಾಟ್ ಬಳಗದಲ್ಲಿ /ಯುಎಸ್‌ಆರ್/ಲಿಬ್‌ಎಕ್ಸೆಕ್/ಓಪನ್‌ಎಸ್‌ಎಸ್‌ಎಚ್ ಒಳಗೆ. ಆರ್‌ಎಸ್‌ಎಸ್‌ಎಚ್ ತನ್ನ ದಾರಿಯನ್ನು ಕಂಪೈಲ್ ಮಾಡುವಾಗಲೇ ಗಟ್ಟಿಮಾಡಿಕೊಂಡಿರುತ್ತದೆ. ಎಸ್‌ಎಸ್‌ಎಚ್‌ಡಿ ಬೇರೆ ದಾರಿ ಹೇಳಿದರೆ ಅದನ್ನು ಅಪರಿಚಿತ ಕಮಾಂಡ್ ಎಂದು ತಳ್ಳಿಹಾಕುತ್ತದೆ.

ಆರ್‌ಸಿಂಕ್ ಓಡಿಸಿದರೆ -ಇ ಆಯ್ಕೆ ಸುರಕ್ಷಿತವಲ್ಲ ಎನ್ನುತ್ತದೆ. ನಾನು -ಇ ಕೊಟ್ಟೇ ಇಲ್ಲವಲ್ಲ?

ನೀವು ಕೊಟ್ಟಿಲ್ಲ, ಆರ್‌ಸಿಂಕ್ ಕೊಟ್ಟಿದೆ. ಆವೃತ್ತಿ 3ರಿಂದ ಈಚೆಗೆ ಅದು ತನ್ನ ಸಾಮರ್ಥ್ಯಗಳ ಪಟ್ಟಿಯನ್ನು ಸರ್ವರ್‌ಗೆ ತಿಳಿಸಲು -ಇ ಅಕ್ಷರವನ್ನೇ ಮರುಬಳಕೆ ಮಾಡುತ್ತದೆ. ಹಳೆಯ ಆರ್‌ಎಸ್‌ಎಸ್‌ಎಚ್ ಅದನ್ನು ಬೇರೆ ಪ್ರೋಗ್ರಾಮ್ ಓಡಿಸುವ ಪ್ರಯತ್ನವೆಂದು ತಿಳಿದು ತಡೆಯುತ್ತದೆ. ಎರಡರದ್ದೂ ತಪ್ಪಲ್ಲ. --ಪ್ರೋಟೋಕಾಲ್=29 ಎಂದು ಸೇರಿಸಿದರೆ ಆರ್‌ಸಿಂಕ್ ಹಳೆಯ ಭಾಷೆಗೆ ಇಳಿದು -ಇ ಕಳಿಸುವುದನ್ನು ಬಿಡುತ್ತದೆ.

ಶಾಶ್ವತ ವ್ಯವಸ್ಥೆ ಬೇಕಿದ್ದರೆ ಆರ್‌ಸಿಂಕ್ ಜೊತೆಗೇ ಬರುವ ಆರ್‌ಆರ್‌ಸಿಂಕ್ ಸ್ಕ್ರಿಪ್ಟನ್ನು ಆಥರೈಸ್ಡ್-ಕೀಸ್ ಫೈಲ್‌ನಲ್ಲಿ ಆ ಕೀಗೆ ಕಟ್ಟಿ, ಮುಂದೆ ರಿಸ್ಟ್ರಿಕ್ಟ್ ಎಂಬ ಪದ ಸೇರಿಸಿ. ಆಮೇಲೆ ಕ್ಲೈಂಟ್ ಕೊಡುವ ದಾರಿ ಆ ಡೈರೆಕ್ಟರಿಯ ಒಳಗಿನಿಂದ ಶುರುವಾಗಬೇಕು. ಪೂರ್ತಿ ದಾರಿ ಕೊಟ್ಟರೆ ಅದರೊಳಗೇ ಇನ್ನೊಮ್ಮೆ ಅದೇ ದಾರಿ ಹುಡುಕುತ್ತದೆ.

ಆರ್‌ಬ್ಯಾಶ್ ಖಾತೆಯಲ್ಲಿ ಎಸ್‌ಸಿಪಿ ನಡೆಯುತ್ತದೆ, ಎಸ್‌ಎಫ್‌ಟಿಪಿ ನಡೆಯುವುದಿಲ್ಲ. ಇದೇನು ವಿಚಿತ್ರ?

ಆರ್‌ಬ್ಯಾಶ್‌ನಲ್ಲಿ ಕಮಾಂಡ್ ಹೆಸರಿನೊಳಗೆ ಓರೆಗೆರೆ ಬರುವಂತಿಲ್ಲ. ಎಸ್‌ಸಿಪಿಯನ್ನು ಬರೀ ಹೆಸರಿನಿಂದ ಕರೆಯುತ್ತಾರೆ, ಪಾತ್‌ನಲ್ಲಿ (ಕಮಾಂಡ್ ಹುಡುಕುವ ಡೈರೆಕ್ಟರಿಗಳ ಪಟ್ಟಿ) ಸಿಕ್ಕರೆ ಓಡುತ್ತದೆ. ಎಸ್‌ಎಫ್‌ಟಿಪಿ-ಸರ್ವರ್‌ಗೆ ಎಸ್‌ಎಸ್‌ಎಚ್‌ಡಿ ಕೊಡುವುದು ಪೂರ್ತಿ ದಾರಿ, ತುಂಬ ಓರೆಗೆರೆ. ಸಬ್‌ಸಿಸ್ಟಮ್ ಸಾಲಿನಲ್ಲಿ ಆ ದಾರಿಯ ಬದಲು ಇಂಟರ್ನಲ್-ಎಸ್‌ಎಫ್‌ಟಿಪಿ ಎಂದು ಬರೆದರೆ ಶೆಲ್‌ನ ಪ್ರಶ್ನೆಯೇ ಏಳುವುದಿಲ್ಲ. ನೋಲಾಗಿನ್ ಖಾತೆಗೂ ಇದೇ ಮದ್ದು.

ಒಂದು ಎಚ್ಚರಿಕೆ. ಹೀಗೆ ಮಾಡಿದ ಮೇಲೆ ಬಳಕೆದಾರ ತನ್ನ ಡಾಟ್-ಬ್ಯಾಶ್‌ಆರ್‌ಸಿ, ಡಾಟ್-ಬ್ಯಾಶ್-ಪ್ರೊಫೈಲ್, ಡಾಟ್-ಎಸ್‌ಎಸ್‌ಎಚ್ ಒಳಗಿನ ಫೈಲ್‌ಗಳನ್ನು ಎಸ್‌ಎಫ್‌ಟಿಪಿಯಿಂದ ಬದಲಿಸಬಲ್ಲ. ಪಾತ್ ಬದಲಿಸಿಕೊಂಡನೆಂದರೆ ಆರ್‌ಬ್ಯಾಶ್ ಇದ್ದೂ ಇಲ್ಲದಂತೆ. ಫೈಲ್ ಬರೆಯಬಲ್ಲ ಖಾತೆಗೆ ಆರ್‌ಬ್ಯಾಶ್ ಒಂದನ್ನೇ ನಂಬುವುದು ಬೇಲಿಯಿಲ್ಲದ ಗೇಟಿಗೆ ಬೀಗ ಹಾಕಿದ ಹಾಗೆ.

ವಿನ್‌ಎಸ್‌ಸಿಪಿ, ಫೈಲ್‌ಜಿಲ್ಲಾ ಬಳಸುವವರು ಏನು ಗಮನಿಸಬೇಕು?

ವಿನ್‌ಎಸ್‌ಸಿಪಿಯಲ್ಲಿ ಪ್ರೋಟೋಕಾಲ್ ಎಸ್‌ಎಫ್‌ಟಿಪಿ ಇರಲಿ. ಅದರ ಎಸ್‌ಸಿಪಿ ವಿಧಾನ ಡೈರೆಕ್ಟರಿ ಪಟ್ಟಿಗಾಗಿ ಶೆಲ್ ಕಮಾಂಡ್‌ಗಳನ್ನು ಓಡಿಸುತ್ತದೆ. ನಿರ್ಬಂಧಿತ ಖಾತೆಯಲ್ಲಿ ಅವಕ್ಕೆ ಜಾಗವಿಲ್ಲ. ಎಸ್‌ಎಫ್‌ಟಿಪಿ ಸಿಗದಿದ್ದರೆ ಎಸ್‌ಸಿಪಿಗೆ ಜಾರುವ ಆಯ್ಕೆಯನ್ನೂ ತೆಗೆಯಿರಿ, ಇಲ್ಲವಾದರೆ ಅಸಲು ದೋಷ ಮುಚ್ಚಿಹೋಗಿ ಎರಡನೆಯದರ ದೋಷ ಮಾತ್ರ ಕಾಣುತ್ತದೆ. ಫೈಲ್‌ಜಿಲ್ಲಾದಲ್ಲಿ ಎಸ್‌ಸಿಪಿಯೇ ಇಲ್ಲ.

ಚಿಕ್ಕ ಫೈಲ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ ಎಂಬ ದೂರಿಗೆ ವಿನ್‌ಎಸ್‌ಸಿಪಿಯಲ್ಲಿ ಒಂದು ವಿಶೇಷ ಕಾರಣವಿದೆ. 100 ಕೆಬಿಗಿಂತ ದೊಡ್ಡ ಫೈಲನ್ನು ಅದು ಮೊದಲು ಫೈಲ್‌ಪಾರ್ಟ್ ಎಂಬ ಬಾಲದ ಹೆಸರಿನಲ್ಲಿ ಬರೆದು ಕೊನೆಗೆ ಹೆಸರು ಬದಲಿಸುತ್ತದೆ. ಇದ್ದ ಫೈಲಿಗೆ ಬರೆಯಬಹುದು ಆದರೆ ಡೈರೆಕ್ಟರಿಯಲ್ಲಿ ಹೊಸದು ಮಾಡುವಂತಿಲ್ಲ ಎಂಬಂಥ ಖಾತೆಗಳಲ್ಲಿ ಇದು ಮುರಿಯುತ್ತದೆ. ಟ್ರಾನ್ಸ್‌ಫರ್ ಸೆಟ್ಟಿಂಗ್‌ಗಳ ಎಂಡ್ಯೂರೆನ್ಸ್ ಭಾಗದಲ್ಲಿ ಅದನ್ನು ನಿಲ್ಲಿಸಬಹುದು. "ಅಪ್‌ಲೋಡ್ ಆಯಿತು, ಆದರೆ ಅನುಮತಿ ಅಥವಾ ಸಮಯ ಹಾಕಲಾಗಲಿಲ್ಲ" ಎಂದರೆ ಫೈಲ್ ಪೂರ್ತಿ ಹೋಗಿದೆ. ಅದರ ಒಡೆಯ ಬೇರೆಯವರು, ಅಷ್ಟೆ. ಸಮಯ ಉಳಿಸುವ ಟಿಕ್ ತೆಗೆದರೆ ಸದ್ದಡಗುತ್ತದೆ.

ಕೀ ಹಾಕಿದ್ದೇನೆ, ಆದರೂ ಪಾಸ್‌ವರ್ಡ್ ಕೇಳುತ್ತದೆ.

ಹೋಮ್ ಡೈರೆಕ್ಟರಿಗಾಗಲಿ, ಡಾಟ್-ಎಸ್‌ಎಸ್‌ಎಚ್‌ಗಾಗಲಿ ಗುಂಪಿನ ಬರೆಯುವ ಅನುಮತಿ ಇದ್ದರೆ ಎಸ್‌ಎಸ್‌ಎಚ್‌ಡಿ ಕೀಯನ್ನು ನಂಬುವುದಿಲ್ಲ. ಡಾಟ್-ಎಸ್‌ಎಸ್‌ಎಚ್ 700, ಆಥರೈಸ್ಡ್-ಕೀಸ್ 600 ರೂಢಿಯ ಅಳತೆ. ನಿರ್ಬಂಧಿತ ಖಾತೆಗಳಲ್ಲಿ ಈ ಫೈಲನ್ನು ರೂಟ್ ಒಡೆತನದಲ್ಲಿಡುವುದು ಒಳ್ಳೆಯ ಪದ್ಧತಿ, ಆದರೆ ಆಗ 600 ಇಟ್ಟರೆ ಕೆಡುತ್ತದೆ: ಎಸ್‌ಎಸ್‌ಎಚ್‌ಡಿ ಅದನ್ನು ಬಳಕೆದಾರನ ಹಕ್ಕಿನಲ್ಲಿ ಓದುತ್ತದೆ. 644 ಮಾಡಿ, ಡೈರೆಕ್ಟರಿಗೆ 755. ಕೀ ಓದುವುದು ಕ್ರೂಟ್ ಆಗುವ ಮೊದಲು, ಆದ್ದರಿಂದ ಫೈಲ್ ಇರಬೇಕಾದ್ದು ಹೊರಗಿನ ಅಸಲು ಹೋಮ್‌ನಲ್ಲಿ.

ಸರ್ವರ್ ತೀರಾ ಹಳೆಯದು, ಕೀ ಆರ್‌ಎಸ್‌ಎ, ಕ್ಲೈಂಟ್ 8.8 ಅಥವಾ ಹೊಸದು ಎಂದಾದರೆ ಕಾರಣ ಬೇರೆ: ಆ ಆವೃತ್ತಿಯಿಂದ ಎಸ್‌ಎಚ್‌ಎ-1 ಸಹಿಯನ್ನು ಕೈಬಿಟ್ಟಿದ್ದಾರೆ. ಸರ್ವರ್ ಒಪ್ಪುವುದಾದರೆ ಇಡಿ25519 ಕೀ ಮಾಡಿಸಿ. ಎಸ್‌ಇಲಿನಕ್ಸ್ (ಲಿನಕ್ಸ್‌ನ ಹೆಚ್ಚುವರಿ ಭದ್ರತಾ ಪದರ) ಇರುವಲ್ಲಿ ಡಾಟ್-ಎಸ್‌ಎಸ್‌ಎಚ್ ಮೇಲೆ ಒಮ್ಮೆ ರೆಸ್ಟೋರ್‌ಕಾನ್ -ಆರ್ ಓಡಿಸಿ ನೋಡಿ.

ಬರೀ "ಫೇಲ್ಯೂರ್" ಎಂದಷ್ಟೇ ಬರುತ್ತದೆ. ಇದರಿಂದ ಏನು ತಿಳಿಯಬೇಕು?

ಏನೂ ತಿಳಿಯಬಾರದು ಎಂಬಂತಿದೆ ಆ ಸಂದೇಶ. ಎಸ್‌ಎಫ್‌ಟಿಪಿಯಲ್ಲಿ ದೋಷಸಂಖ್ಯೆ 2 ಎಂದರೆ ಫೈಲ್ ಇಲ್ಲ, 3 ಎಂದರೆ ಅನುಮತಿ ಇಲ್ಲ, ತಕ್ಕ ಹೆಸರಿಲ್ಲದ್ದೆಲ್ಲ 4, ಅದೇ ಫೇಲ್ಯೂರ್. ಅನುಮತಿಯ ತೊಂದರೆ ಅಲ್ಲವೆಂದು ಇದರಿಂದಲೇ ಗೊತ್ತಾಗುತ್ತದೆ. ಡಿಸ್ಕ್ ತುಂಬಿದೆಯೇ (ಡಿಎಫ್), ಐನೋಡ್ ಮುಗಿದಿವೆಯೇ (ಡಿಎಫ್ -ಐ), ಕೋಟಾ ದಾಟಿದೆಯೇ, ಇಟ್ಟ ಹೆಸರಿನಲ್ಲಿ ಆಗಲೇ ಫೈಲ್ ಅಥವಾ ಡೈರೆಕ್ಟರಿ ಇದೆಯೇ, ಈ ಕ್ರಮದಲ್ಲಿ ನೋಡಿ. ಸರ್ವರ್‌ನಲ್ಲಿ 0 ಬೈಟ್‌ನ ಫೈಲ್ ಉಳಿದಿದ್ದರೆ ಮೊದಲ ಮೂರರಲ್ಲಿ ಡಿಸ್ಕ್ ಅಥವಾ ಕೋಟಾ ಎಂದು ಹಿಡಿಯಬಹುದು: ಹೆಸರಿಗೆ ಜಾಗ ಸಿಕ್ಕಿದೆ, ಒಳಗಿನ ಸರಕಿಗೆ ಸಿಕ್ಕಿಲ್ಲ.

ಕೆಲವು ತಿಂಗಳು ತಾನೇ ನಡೆಯುತ್ತಿದ್ದ ರಾತ್ರಿಯ ಅಪ್‌ಲೋಡ್ ಒಂದು ದಿನ ನಿಂತಿತು.

ಪಾಸ್‌ವರ್ಡ್ ಅವಧಿ ಮುಗಿದಿದೆ. ಹೊಸದನ್ನು ಹಾಕಲು ಸರ್ವರ್ ಕೇಳುತ್ತದೆ, ಕೇಳಲು ಅಲ್ಲಿ ಟರ್ಮಿನಲ್ ಇಲ್ಲ. ಕೀಯಿಂದ ಲಾಗಿನ್ ಆದರೂ ಪ್ಯಾಮ್ (ಲಿನಕ್ಸ್‌ನ ಲಾಗಿನ್ ತಪಾಸಣೆ ವ್ಯವಸ್ಥೆ) ಈ ಅವಧಿಯನ್ನು ನೋಡುತ್ತದೆ. ಚೇಜ್ -ಎಲ್ ಜೊತೆ ಖಾತೆಯ ಹೆಸರು ಕೊಟ್ಟರೆ ದಿನಾಂಕ ತಿಳಿಯುತ್ತದೆ.

ಸ್ವಲ್ಪ ದೂರ ಹೋಗಿ "ಸ್ಟಾಲ್ಡ್" ಎಂದು ನಿಲ್ಲುತ್ತದೆ.

ಇದು ಶೆಲ್‌ನ ವಿಷಯವಲ್ಲ, ಜಾಲದ್ದು. ವಿಪಿಎನ್ ಇದ್ದರೆ ಎಂಟಿಯು (ಜಾಲದಲ್ಲಿ ಒಮ್ಮೆಗೆ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ ಅನುಮಾನಪಡಿ. ಪ್ಯಾಕೆಟ್ ಒಡೆಯಬಾರದೆಂಬ ಆಯ್ಕೆಯೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿ; ಹೆಡರ್‌ನ 28 ಸೇರಿ ಅದು 1500 ಆಗುತ್ತದೆ. ಹೋಗದಿದ್ದರೆ ಹೋಗುವವರೆಗೆ ಇಳಿಸುತ್ತಾ ಬನ್ನಿ.

ಇನ್ನೂ ಆರ್‌ಎಸ್‌ಎಸ್‌ಎಚ್ ಇಟ್ಟುಕೊಳ್ಳಬಹುದೇ?

ಬೇಡ. 2019ರಲ್ಲಿ ಅದರಲ್ಲಿ ಕಮಾಂಡ್ ಓಡಿಸಲು ಬಿಡುವ ದೋಷಗಳು ಹೊರಬಂದವು, ಮೂಲ ಯೋಜನೆಯನ್ನು ಈಗ ನೋಡಿಕೊಳ್ಳುವವರಿಲ್ಲ. ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಮ್ಯಾಚ್ ಗ್ರೂಪ್ ಒಂದನ್ನು ಮಾಡಿ, ಅದರ ಕೆಳಗೆ ಕ್ರೂಟ್‌ಡೈರೆಕ್ಟರಿ, ಫೋರ್ಸ್‌ಕಮಾಂಡ್ ಇಂಟರ್ನಲ್-ಎಸ್‌ಎಫ್‌ಟಿಪಿ, ಅಲೌ‌ಟಿಸಿಪಿಫಾರ್ವರ್ಡಿಂಗ್ ನೋ ಎಂಬ ಮೂರು ಸಾಲು ಹಾಕಿದರೆ ಬಹುಪಾಲು ಕೆಲಸ ಮುಗಿಯಿತು. ಮೂರನೆಯದನ್ನು ಮರೆಯುವವರೇ ಹೆಚ್ಚು; ಅದಿಲ್ಲದಿದ್ದರೆ ಫೈಲ್ ಮಾತ್ರ ಕಳಿಸಬೇಕಾದ ಖಾತೆಯ ಮೂಲಕ ಒಳಜಾಲಕ್ಕೆ ಸುರಂಗ ತೋಡಬಹುದು. ಮ್ಯಾಚ್ ಸಾಲಿನ ಕೆಳಗಿರುವುದೆಲ್ಲ ಮುಂದಿನ ಮ್ಯಾಚ್‌ವರೆಗೆ ಆ ಗುಂಪಿಗೇ ಸೇರುವುದರಿಂದ ಇದನ್ನು ಫೈಲಿನ ಕೊನೆಯಲ್ಲಿಡಿ.

ಕಾನ್ಫಿಗ್ ಸರಿಮಾಡಿದೆ, ಎಸ್‌ಎಸ್‌ಎಚ್‌ಡಿ ರೀಲೋಡ್ ಆಯಿತು, ಆದರೂ ಹಳೆಯ ದೋಷವೇ ಬರುತ್ತಿದೆ.

ಎಸ್‌ಎಸ್‌ಎಚ್‌ಡಿ -ಟಿ (ಚಿಕ್ಕಕ್ಷರ) ಬರವಣಿಗೆಯ ತಪ್ಪು ಹಿಡಿಯುತ್ತದೆ. ದೊಡ್ಡಕ್ಷರದ -ಟಿ ಜೊತೆ ದೊಡ್ಡಕ್ಷರದ್ದೇ -ಸಿ ಕೊಟ್ಟು ಯೂಸರ್, ಹೋಸ್ಟ್, ಅಡ್ರೆಸ್ ಬರೆದರೆ ಆ ಬಳಕೆದಾರನಿಗೆ ಯಾವ ಸೆಟ್ಟಿಂಗ್ ನಿಜಕ್ಕೂ ಅನ್ವಯಿಸುತ್ತದೆಂದು ತೋರಿಸುತ್ತದೆ. ಅದರಲ್ಲಿ ಫೋರ್ಸ್‌ಕಮಾಂಡ್ ಕಾಣದಿದ್ದರೆ ಮ್ಯಾಚ್ ತಗುಲಿಲ್ಲ, ಬಹುಶಃ ಬಳಕೆದಾರ ಆ ಗುಂಪಿನಲ್ಲೇ ಇಲ್ಲ.

ಅಲ್ಲೂ ಸರಿಯಿದ್ದರೆ ಕ್ಲೈಂಟ್ ಕಡೆ ನೋಡಿ. ಕಂಟ್ರೋಲ್‌ಮಾಸ್ಟರ್ ಬಳಸುತ್ತಿದ್ದರೆ ಹೊಸ ವರ್ಗಾವಣೆಯೂ ಹಳೆಯ ಸಂಪರ್ಕದ ಮೇಲೇ ಸವಾರಿ ಮಾಡುತ್ತದೆ, ರೀಲೋಡ್‌ನ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ. ಎಸ್‌ಎಸ್‌ಎಚ್ -ಓ ಎಕ್ಸಿಟ್, ಮುಂದೆ ಹೋಸ್ಟ್ ಹೆಸರು ಕೊಟ್ಟು ಅದನ್ನು ಮುಚ್ಚಿ. ಎಸ್‌ಸಿಪಿಯ -ಓಗೂ ಎಸ್‌ಎಸ್‌ಎಚ್‌ನ -ಓಗೂ ಯಾವ ನಂಟೂ ಇಲ್ಲ. ಎರಡೂ ದೊಡ್ಡಕ್ಷರವೇ ಆಗಿರುವುದು ಕಾಕತಾಳೀಯ.